ಕಂಠಪ್ಪ ಭಾವನಿಗೆ ಒಪ್ಪಿದ ಮರಿ

ನನ್ನ ಭಾವ ಕಂಠಪ್ಪನವರು ಒಂದು ನಾಯಿಮರಿಗಾಗಿ ಮೂರು ತಾಲ್ಲೂಕು ಸುತ್ತಿದರು ಎಂದು ಊರಿನವರು ಹೇಳುತ್ತಾರೆ. ಅದು ಅರ್ಧ ಸುಳ್ಳು. ಸುತ್ತಿದ್ದು ನನ್ನ ಬೈಕು, ಉರಿದದ್ದು ನನ್ನ ಪೆಟ್ರೋಲು, ಬಾಗಿಲು ಹಾಕಿದ್ದು ಹ್ಯಾಂಡ್‌ಪೋಸ್ಟಿನಲ್ಲಿರುವ ನನ್ನ ಜೆರಾಕ್ಸ್ ಅಂಗಡಿ. ಭಾವ ಹಿಂದಿನ ಸೀಟಿನಲ್ಲಿ ಕೂತಿದ್ದರು, ಅಷ್ಟೆ. ಆದರೂ ಈ ಕಥೆಯನ್ನು ನಾನೇ ಹೇಳಬೇಕು. ಭಾವ ಹೇಳಿದರೆ ಅರ್ಧ ಬಿಡುತ್ತಾರೆ, ಅಕ್ಕ ಹೇಳಿದರೆ ಅರ್ಧ ಸೇರಿಸುತ್ತಾಳೆ.

ಭಾವನಿಗೆ ಈಗ ಅರವತ್ತೆರಡು. ಬೀಚನಹಳ್ಳಿಯಲ್ಲಿ ಮೂವತ್ತನಾಲ್ಕು ವರ್ಷ ನಾಲೆಯ ನೀರುಗಂಟಿಯಾಗಿದ್ದವರು. ತೂಬಿನ ಗೇಟು ಎತ್ತುವುದು, ಇಳಿಸುವುದು, ಯಾವ ಊರಿನ ಗದ್ದೆಗೆ ಯಾವತ್ತು ನೀರು ಎಂದು ಸೈಕಲ್ಲಿನಲ್ಲಿ ಹೋಗಿ ಹೇಳುವುದು, ಕಡೇ ಗದ್ದೆಯವರಿಗೆ ನೀರು ಮುಟ್ಟದಿದ್ದರೆ ಅವರ ಬೈಗುಳ ತಿಂದು ನಗುವುದು, ಇದೇ ಅವರ ನೌಕರಿ. ಸಿಟ್ಟು ಎನ್ನುವುದು ಆ ಮನುಷ್ಯನಿಗೆ ಬರುವುದೇ ಇಲ್ಲ. ನಮ್ಮ ಅಕ್ಕ ಸುಂದ್ರಮ್ಮನ ಜೊತೆ ಮೂವತ್ತೈದು ವರ್ಷ ಸಂಸಾರ ಮಾಡಿಯೂ ಬಂದಿಲ್ಲ ಎಂದರೆ ಇನ್ನು ಬರುವುದಿಲ್ಲ ಎಂದೇ ಲೆಕ್ಕ.

ರಿಟೈರ್ ಆದ ಮೇಲೆ ಅವರ ಜೀವವೆಲ್ಲ ಕಾಡಂಚಿನ ಎರಡೂವರೆ ಎಕರೆಯಲ್ಲಿ. ಅವರಪ್ಪ ಬಿಟ್ಟುಹೋದ ಖುಷ್ಕಿ ಜಮೀನು ಅದು. ರಾಗಿ, ರಾಗಿಯ ಸಾಲಿನ ನಡುವೆ ಅವರೆ, ಬದುವಿಗೆ ಹುಚ್ಚೆಳ್ಳು. ಬೆಳಿಗ್ಗೆ ಆರಕ್ಕೆ ಹೆಗಲಿಗೆ ಗುದ್ದಲಿ ಏರಿಸಿ ಹೊರಟರೆ ಬಿಸಿಲು ನೆತ್ತಿಗೇರಿದ ಮೇಲೇ ಮನೆ ನೆನಪು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ಭಾವನಿಗೆ ಹೊನ್ನಿನ ಯೋಚನೆಯೇನೂ ಇಲ್ಲ, ಕೂರುವುದೇ ಕಷ್ಟ. ಜಗಲಿಯ ಮೇಲೆ ಒಂದು ದಿನ ಕೂರಿಸಿ ನೋಡಿ, ಜ್ವರ ಬಂದವರಂತೆ ಆಗುತ್ತಾರೆ.

ಈ ಸುಖಕ್ಕೆ ಅಡ್ಡ ಬಂದದ್ದು ಅವರ ಕಿವಿ. ವಯಸ್ಸಿಗೆ ಹೀಗಾಗುತ್ತದೆ ಎಂದರು ಡಾಕ್ಟರು. ಮೂವತ್ತನಾಲ್ಕು ವರ್ಷ ನೀರಿನ ಮೊರೆತದ ಪಕ್ಕ ನಿಂತದ್ದಕ್ಕೆ ಹೀಗಾಯಿತು ಎಂದಳು ಅಕ್ಕ. ಭಾವ ಮಾತ್ರ "ಎಡಗಿವಿ ಒಂಚೂರು ಮಂದ ಅಷ್ಟೆಯಾ" ಎಂದು ಕೈ ಕೊಡವಿ ಎದ್ದುಬಿಡುತ್ತಿದ್ದರು. ಮೈಸೂರಿನಲ್ಲಿರುವ ಮಗಳು ರೂಪಶ್ರೀ ಕಿವಿಗೆ ಹಾಕುವ ಮಿಷನ್ನನ್ನೂ ತಂದುಕೊಟ್ಟಳು. ಅದನ್ನು ಹಾಕಿಕೊಂಡು ಹೊಲಕ್ಕೆ ಹೋದರೆ ಗಾಳಿಯ ಸದ್ದೇ ತುಂಬಿಕೊಂಡು ತಲೆ ಸಿಡಿಯುತ್ತಂತೆ. ಮಿಷನ್ನು ಬೀರು ಸೇರಿತು. ಎದುರಿಗೆ ನಿಂತು ಮಾತಾಡಿದರೆ ಭಾವ ತುಟಿ ನೋಡಿಯೇ ಅಷ್ಟೂ ತಿಳಿದುಕೊಂಡು ಟಪ್ಪನೆ ಉತ್ತರ ಕೊಡುತ್ತಿದ್ದರು. ಹಾಗಾಗಿ ನಿಜಕ್ಕೂ ಎಷ್ಟು ಕೇಳುತ್ತದೆ, ಎಷ್ಟು ಕೇಳುವುದಿಲ್ಲ ಎನ್ನುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾಗುವ ಕಾಲ ಬಂತು. ಹೋದ ವರ್ಷ ಮುಂಗಾರಿಗೆ ಮುಂಚೆ ಒಂದು ಬೆಳಿಗ್ಗೆ ಭಾವ ಹೊಲದ ನಡುವೆ ಕೂಳೆ ಕೀಳುತ್ತಿದ್ದರು. ಅಕ್ಕನೂ, ಅವಳ ಜೊತೆ ಕೂಲಿಗೆ ಬರುವ, ಪಕ್ಕದ ಗಿರಿಜನ ಹಾಡಿಯ ಸೋಮಿಯೂ ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ಆನೆ ತಡೆಯಲು ಕಾಡಿನ ಪಕ್ಕ ತೋಡಿದ ಟ್ರೆಂಚು ಒಂದು ಕಡೆ ಮಣ್ಣು ಕುಸಿದು ಮುಚ್ಚಿಹೋಗಿದೆ. ಅಲ್ಲಿಂದ ಒಂಟಿ ಆನೆಯೊಂದು ಹೊಲಕ್ಕೆ ಇಳಿಯಿತು. ಇವರಿಬ್ಬರೂ ಎದ್ದು ಗಂಟಲು ಹರಿಯುವಂತೆ ಕೂಗಿಕೊಂಡರು. ಭಾವ ಬಗ್ಗಿದವರು ಬಗ್ಗಿಯೇ ಇದ್ದರು. ಆನೆ ಅವರ ಬೆನ್ನ ಹಿಂದೆ ಎರಡು ತೆಂಗಿನಮರದಷ್ಟು ದೂರದಲ್ಲಿ ನಿಧಾನವಾಗಿ ದಾಟಿ ಕೆರೆಯ ಕಡೆಗೆ ಹೋಯಿತು. ಭಾವ ಕೂಳೆ ಕಿತ್ತು ಮಣ್ಣು ಕೊಡವಿ ಬದುವಿಗೆ ಎಸೆಯುತ್ತಲೇ ಇದ್ದರು. ಅಕ್ಕ ಅವತ್ತು ಮನೆಗೆ ಬಂದವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೂರನೇ ದಿನ ನನ್ನನ್ನು ಕರೆಸಿದಳು. ಪಂಚಾಯಿತಿಗೆ ನಾನು ಸಾಕ್ಷಿ.

"ಇನ್ಮೇಲೆ ಒಬ್ರೇ ಒಲಕ್ಕೆ ಓಗಂಗಿಲ್ಲ. ನಮ್ಮೂರ ನಂಜಣ್ಣ ಕೇಳ್ತಾವ್ನೆ, ವಾರಕ್ಕೆ ಕೊಟ್ಬುಡಣ. ಬೆಳದದ್ರಲ್ಲಿ ಅರ್ಧ ಕೊಡ್ತಾನೆ. ನೀವು ಮನೇಲಿರಿ" ಎಂದಳು.

"ಗಾಳಿ ಆ ಕಡೀಕೆ ಬೀಸ್ತಿತ್ತು ಕಣೆ, ಅದ್ಕೇ ಕೇಳ್ನಿಲ್ಲ" ಎಂದರು ಭಾವ.

"ಆನೆ ಇಂದ್ಗಡೆ ಬಂದು ನಿಂತ್ರೂ ಗಾಳಿ ಮೇಲೇ ಆಕ್ತೀರಲ್ಲ!"

ಭಾವ ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಮನೆಯಲ್ಲಿದ್ದ ಮುದಿ ನಾಯಿ ಸತ್ತು ವರ್ಷವಾಗಿತ್ತು. ಒಳ್ಳೆಯದೊಂದು ನಾಯಿ ಜೊತೆಗಿದ್ದರೆ ಆಗಬಹುದಾ ಎಂದು ಕೇಳಿದರು. ಅಕ್ಕ ಯೋಚನೆ ಮಾಡಿ ಒಪ್ಪಿದಳು. ಆದರೆ ಗಡುವು ಹಾಕಿದಳು. ಬರುವ ಯುಗಾದಿಯೊಳಗೆ ಅಂಥ ನಾಯಿ ತಯಾರಾಗಬೇಕು, ಆಗದಿದ್ದರೆ ಯುಗಾದಿಯ ದಿನ ಆ ಹೊಲದಲ್ಲಿ ಹೊನ್ನಾರು ಕಟ್ಟಿ ವರ್ಷದ ಮೊದಲ ಸಾಲು ಹೊಡೆಯುವವನು ನಂಜಣ್ಣ. ಅಲ್ಲಿಯವರೆಗೆ ಮಂಡಿನೋವಿದ್ದರೂ ತಾನೇ ದಿನಾ ಜೊತೆಗೆ ಬರುತ್ತೇನೆ ಎಂದಳು. ಭಾವ ಹೂಂ ಎಂದರು. ಆ ಹೊಲ ಕೈಬಿಟ್ಟರೆ ಭಾವ ಮನೆಯಲ್ಲಿ ಏನು ಮಾಡಿಕೊಂಡಿರುತ್ತಾರೆ ಎಂದು ಯೋಚಿಸಿ ನನಗೆ ನಿಜಕ್ಕೂ ಭಯವಾಯಿತು.

ಮೊದಲು ಕೆ.ಆರ್. ನಗರಕ್ಕೆ ಕರೆದುಕೊಂಡು ಹೋದದ್ದು ನನ್ನದೇ ಬುದ್ಧಿವಂತಿಕೆ. ಸಾಲಿಗ್ರಾಮದ ರಸ್ತೆಯಲ್ಲಿ ಶರತ್ ಎಂಬ ಹುಡುಗ ಮನೆಯ ಮಹಡಿಯ ಮೇಲೆ ಜಾತಿನಾಯಿ ಸಾಕಿ ಮರಿ ಮಾರುತ್ತಾನೆ ಎಂದು ಫೋನಿನಲ್ಲಿ ನೋಡಿದ್ದೆ. ಹೋದರೆ ಟೈಲ್ಸ್ ನೆಲದ ಮೇಲೆ ಕೂಲರಿಗೆ ಮುಖ ಕೊಟ್ಟುಕೊಂಡು ದೊಡ್ಡ ಹಳದಿ ನಾಯಿಯೊಂದು ಮಲಗಿತ್ತು. ನಮ್ಮನ್ನು ನೋಡಿ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು. ಮರಿಗಳೇನೋ ಬೆಣ್ಣೆ ಮುದ್ದೆಯ ಹಾಗಿದ್ದವು.

"ಏನಾಕ್ತೀರಪ್ಪ ಇದುಕ್ಕೆ?" ಎಂದರು ಭಾವ.

"ಪ್ಯಾಕೆಟ್ ಫುಡ್ಡು ಅಂಕಲ್. ಬಿಸಿಲಲ್ಲಿ ಜಾಸ್ತಿ ಬಿಡಬಾರದು. ಉಣ್ಣೆ ಹತ್ತುತ್ತೆ, ಹುಲ್ಲಲ್ಲೂ ಬಿಡಬಾರದು."

"ಅಂಗಾರೆ ಒಲದಲ್ಲಿ ನಾನು ಛತ್ರಿ ಇಡ್ಕೊಂಡು ಇದುನ್ನ ಕಾಯ್ಬೇಕು ಅನ್ನು."

ಹುಡುಗ ಒಳ್ಳೆಯವನು, ಬೇಜಾರು ಮಾಡಿಕೊಳ್ಳದೆ ನಕ್ಕುಬಿಟ್ಟ. ಕಾಫಿ ಕೊಟ್ಟು ತನಗೆ ತಿಳಿದದ್ದನ್ನು ಹೇಳಿದ. ಹೊಲಕ್ಕಾದರೆ ನಾಟಿ ಮರಿಯನ್ನೇ ತೆಗೆದುಕೊಳ್ಳಿ, ಎರಡು ತಿಂಗಳು ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ, ಕಣ್ಣು ಮೂಗು ಸೋರುತ್ತಿದ್ದರೆ ಬೇಡ, ಹೊಟ್ಟೆ ಉಬ್ಬಿದ್ದರೆ ಜಂತುಹುಳು ಇದೆ ಎಂದು ತಿಳಿಯಿರಿ, ಮೊದಲು ತಾಯಿ ಹೇಗಿದೆ ನೋಡಿ ಎಂದ. ತಾಯಿಯಂತೆ ಮಗಳು ನೂಲಿನಂತೆ ಸೀರೆ ಎಂದು ನಾವು ಹೆಣ್ಣು ನೋಡಲು ಹೋಗುವಾಗ ಹೇಳುವುದನ್ನೇ ಆತ ನಾಯಿಗೆ ಹೇಳಿದ್ದ. ಭಾವನಿಗೆ ಅದು ಬಹಳ ಹಿಡಿಸಿತು. ದಾರಿಯುದ್ದಕ್ಕೂ ನನ್ನ ಬೆನ್ನ ಹಿಂದಿನಿಂದ ಅದನ್ನೇ ಹೇಳಿಕೊಂಡು ಬಂದರು. ನಾನು ಏನು ಉತ್ತರ ಕೊಟ್ಟರೂ ಅವರಿಗೆ ತಲುಪುತ್ತಿರಲಿಲ್ಲ. ಹೆಲ್ಮೆಟ್ಟಿನ ತಪ್ಪು ಎಂದುಕೊಂಡೆ.

ಮುಂದಿನ ಭಾನುವಾರ ಪಿರಿಯಾಪಟ್ಟಣದ ಕಡೆ. ಅಲ್ಲಿ ಚಿಕ್ಕಬೀರಯ್ಯ ಎಂಬ ಕುರಿ ಸಾಕುವ ಮುದುಕ ಭಾವನ ಹಳೆಯ ಸ್ನೇಹಿತ. ಅವನ ಮಂದೆಯ ನಾಯಿ ಹೊಗೆಸೊಪ್ಪಿನ ಬ್ಯಾರನ್ ಪಕ್ಕದ ಸೌದೆ ರಾಶಿಯ ಕೆಳಗೆ ಐದು ಮರಿ ಹಾಕಿತ್ತು. ಸೊಪ್ಪು ಬೇಯಿಸುವ ಕಾಲ ಇನ್ನೂ ಬಂದಿರಲಿಲ್ಲವಾದ್ದರಿಂದ ತಾಯಿ ಮರಿಗಳಿಗೆ ಅದೇ ಅರಮನೆ. ಚಿಕ್ಕಬೀರಯ್ಯನ ಪರೀಕ್ಷೆಯೇ ಬೇರೆ. ಒಂದೊಂದೇ ಮರಿಯ ಉಗುರು ಎಣಿಸಿದ. ಬಾಯಿ ತೆಗೆಸಿ ಅಂಗುಳ ಕಪ್ಪಗಿದೆಯಾ ನೋಡಿದ. ಕುತ್ತಿಗೆಯ ತೊಗಲು ಹಿಡಿದು ಮೇಲೆತ್ತಿ, ಕುಂಯ್‌ಗುಟ್ಟಿದ್ದನ್ನು ಪಕ್ಕಕ್ಕಿಟ್ಟ.

"ಈ ಕರೀದು ತಗೊಳ್ಲಾ ಕಂಠ. ಸದ್ದು ಮಾಡಾಕಿಲ್ಲ, ಗಟ್ಟಿ ಪಿಂಡ" ಎಂದ.

ಭಾವ ಕರಿಯದನ್ನು ಎತ್ತಿಕೊಂಡು ನೋಡಿ ಕೆಳಗಿಟ್ಟರು. ಅಷ್ಟರಲ್ಲಿ ಕಂದು ಬಣ್ಣದ್ದೊಂದು ಅವರ ಪಂಚೆಯ ತುದಿ ಹಿಡಿದು ಜಗ್ಗುತ್ತ, ಅಂಗೈಯಷ್ಟು ಮೈಯಲ್ಲಿ ಎಲ್ಲಿತ್ತೋ ಅಷ್ಟು ಗಂಟಲು, ಬೊಗಳಲು ಶುರುಮಾಡಿತು. ಭಾವನ ಮುಖ ಅರಳಿತು. "ಇದು ಕಣ್ಲಾ! ಇದು ಬೊಗಳ್ತದೆ!" ಎಂದರು. ಚಿಕ್ಕಬೀರಯ್ಯ ತಲೆ ಅಲ್ಲಾಡಿಸಿದ. "ಅದು ಬರೀ ಬಾಯಿ ಕಣೋ" ಎಂದ. ಭಾವ ಕೇಳಲಿಲ್ಲ. ಆ ಮರಿಯನ್ನೇ ಯಾಕೆ ಹಿಡಿದುಕೊಂಡರು ಎಂದು ನನಗೆ ಅವತ್ತು ಹೊಳೆಯಲಿಲ್ಲ. ಆ ಐದರಲ್ಲಿ ಬೊಗಳುತ್ತಿದೆ ಎಂದು ಅವರ ಕಣ್ಣಿಗೆ ಕಂಡದ್ದು ಅದೊಂದೇ.

ಚಿಕ್ಕಬೀರಯ್ಯ ದುಡ್ಡು ಮುಟ್ಟಲಿಲ್ಲ. ನಾಯಿ ಮಾರಿದರೆ ಮಂದೆಗೆ ಏಳಿಗೆಯಿಲ್ಲ ಎಂದು ಅವನ ನಂಬಿಕೆ. ಆದರೆ ಒಳಗಿನಿಂದ ಒಂದು ರಾಗಿಮುದ್ದೆ ತಂದು ಭಾವನ ಕೈಗೆ ಕೊಟ್ಟು, ಮರಿ ಒಯ್ಯುವವನು ತನ್ನ ಕೈಯಾರೆ ತಾಯಿಗೆ ತಿನ್ನಿಸಬೇಕು ಎಂದ. ತಾಯಿ ಮುದ್ದೆ ತಿಂದು ಭಾವನ ಬೆರಳು ನೆಕ್ಕಿತು. ನಾವು ಮರಿಯನ್ನು ಟವಲಿನಲ್ಲಿ ಸುತ್ತಿಕೊಂಡು ಬಂದೆವು. ಹುಣಸೂರು ದಾಟುವವರೆಗೂ ಅದು ಬಾಯಿ ಮುಚ್ಚಲಿಲ್ಲ.

ಆಮೇಲೂ ಮುಚ್ಚಲಿಲ್ಲ. ಭಾವ ಅದಕ್ಕೆ ಗುಂಡ ಎಂದು ಹೆಸರಿಟ್ಟರು. ಕಾಗೆ ಹಾರಿದರೆ ಬೊಗಳಿತು, ಬಸ್ಸು ಬಂದರೆ ಬೊಗಳಿತು, ಒಣಗಲು ಹಾಕಿದ ಸೀರೆ ಗಾಳಿಗೆ ಆಡಿದರೂ ಬೊಗಳಿತು. ಅಕ್ಕಪಕ್ಕದವರಿಗೆ ನಿದ್ದೆಯಿಲ್ಲ. ಭಾವನಿಗೆ ಮಾತ್ರ ಸುಖನಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ, "ಎಂಥಾ ಗಂಟ್ಲು ನೋಡು ಶಿವು" ಎಂದು ನನಗೂ ಹೇಳಿ, ಬಂದವರಿಗೆಲ್ಲ ತೋರಿಸುತ್ತಿದ್ದರು.

ಗೌರಿಹಬ್ಬ ಕಳೆದು ನಾಲ್ಕು ದಿನಕ್ಕೆ ಅಕ್ಕ ನನ್ನ ಅಂಗಡಿಗೆ ಬಂದಳು. ಹಿಂದೆ ಹಗ್ಗದಲ್ಲಿ ಗುಂಡ. ಬಂದವಳು ಗಿರಾಕಿಗಳ ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ನಮ್ಮಕ್ಕ ಬೈಯುವುದನ್ನು ನೋಡಿದ್ದೇನೆ, ಅಳುವುದನ್ನು ನೋಡಿದ್ದು ಬಹಳ ಕಡಿಮೆ. ಆಗಿದ್ದು ಇಷ್ಟು. ಆ ಬೆಳಿಗ್ಗೆ ಹೊಲದಲ್ಲಿ ಕಾಡುಹಂದಿಯೊಂದು ಮರಿಗಳ ಸಮೇತ ರಾಗಿಯೊಳಗೆ ನುಗ್ಗಿತು. ಗುಂಡ ಭಾವನಿಂದ ಹತ್ತು ಹೆಜ್ಜೆ ಹಿಂದೆ ನಿಂತು ಪ್ರಾಣ ಹೋಗುವಂತೆ ಬೊಗಳಿದ. ಭಾವ ತಿರುಗಿಯೂ ನೋಡಲಿಲ್ಲ. ಅಕ್ಕ ಓಡಿಹೋಗಿ ಭುಜ ಹಿಡಿದು ಎಳೆದ ಮೇಲೇ ಅವರಿಗೆ ತಿಳಿದದ್ದು.

"ನಾಯಿದೇನು ತಪ್ಪಿಲ್ಲ ಕಣೋ ಶಿವು. ಪಾಪ, ಅದುರ ಕೆಲ್ಸ ಅದು ಮಾಡ್ತು. ಅವ್ರಿಗೆ ಬೊಗಳಾದೇ ಕೇಳಾಕಿಲ್ಲ. ಬೊಗಳೋ ನಾಯಿ ಇಟ್ಕೊಂಡು ಏನ್ ಮಾಡ್ಲಿ?" ಎಂದಳು. ಅದೇ ಉಸಿರಿನಲ್ಲಿ ಹಗ್ಗವನ್ನು ನನ್ನ ಅಂಗಡಿಯ ಕಂಬಕ್ಕೆ ಕಟ್ಟಿ, "ಇದು ಇಲ್ಲೇ ಇರ್ಲಿ, ನಂಗೆ ತಲೆನೋವು" ಎಂದು ಎದ್ದು ಹೋದಳು. ಅವತ್ತಿನಿಂದ ಗುಂಡ ನನ್ನ ಪಾಲಿಗೆ. ಜೆರಾಕ್ಸ್ ಮಿಷನ್ನು ಒಂದು ಹಾಳೆ ಉಗುಳಿದರೆ ಅವನದೊಂದು ಬೊಗಳು.

ಇಲ್ಲಿಗೆ ಮುಗಿಯಬೇಕಿತ್ತು. ನಂಜಣ್ಣನೂ ಬಂದು ಹೊಲದ ಸುತ್ತ ಒಂದು ಸಲ ನಡೆದು, ಬದು ಎಲ್ಲಿ ಕಿತ್ತಿದೆ, ಗೊಬ್ಬರ ಎಷ್ಟು ಬೇಕು ಎಂದು ನೋಡಿಕೊಂಡು ಹೋದ. ಅವನು ಕೆಟ್ಟವನಲ್ಲ, ವ್ಯವಹಾರಸ್ಥ. ಭಾವ ಅವತ್ತು ಜಗಲಿಯಲ್ಲಿ ಕೂತು ಕುಡುಗೋಲಿನ ಹಿಡಿಯನ್ನು ಸುಮ್ಮನೆ ಒರೆಸುತ್ತಿದ್ದರು.

ಈ ಸುದ್ದಿ ಸೋಮಿಗೆ ಗೊತ್ತಾಯಿತು. ಹತ್ತು ವರ್ಷದಿಂದ ಆ ಹೊಲದಲ್ಲಿ ಕಳೆ ಕಿತ್ತವಳು, ಬಿಡುವಿನ ಕಾಲದಲ್ಲಿ ಕೊಡಗಿಗೆ ಕಾಫಿ ಕೆಲಸಕ್ಕೆ ಹೋಗುವವಳು. ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದಂತೆ. "ನಮ್ಮ ನಾಯಿ ಮರಿ ಆಕದೆ. ಅಣ್ಣುನ್ನ ಕರ್ಕಂಡು ಬನ್ನಿ, ಮರಿ ನಾನು ನೋಡ್ಕೊಡ್ತೀನಿ" ಎಂದು ಅಕ್ಕನಿಗೆ ಹೇಳಿ ಕಳಿಸಿದಳು. ಭಾವನಿಗೆ ಉತ್ಸಾಹವಿರಲಿಲ್ಲ. ಅಕ್ಕನೇ ಎಬ್ಬಿಸಿ ನಮ್ಮಿಬ್ಬರ ಜೊತೆ ಹೊರಟಳು.

ಸೋಮಿಯ ಮನೆಯ ಮುಂದೆ ನಾಲ್ಕು ಮರಿಗಳು ಮಣ್ಣಿನಲ್ಲಿ ಉರುಳಾಡುತ್ತಿದ್ದವು. ಅವಳು ಉಗುರು ಎಣಿಸಲಿಲ್ಲ, ಬಾಯಿ ಬಿಡಿಸಲಿಲ್ಲ. ಭಾವನ ಎದುರಿಗೆ ಬಂದು ನಿಂತು, "ಅಣ್ಣ, ಮರಿಗಳ ಜೊತೆ ಒಸಿ ಹೊತ್ತು ಕೂತಿರಿ. ಆಮೇಲೆ ಎದ್ದು ಆ ನೆಲ್ಲಿಮರದ ಗಂಟ ನಡ್ಕಂಡೋಗಿ. ಇಂದುಕ್ಕೆ ತಿರುಗ್ಬ್ಯಾಡಿ" ಎಂದಳು. ಭಾವ ಕೂತು ನಾಲ್ಕಕ್ಕೂ ಮೈ ಸವರಿದರು, ಅವೂ ಅವರ ಕೈ ಕಚ್ಚಿ ಆಡಿದವು. ಆಮೇಲೆ ಎದ್ದು ನಡೆದರು. ನಾಲ್ಕೂ ಅವರ ಹಿಂದೆ ಉರುಳಿಕೊಂಡು ಹೋದವು. ಸೋಮಿ ಸದ್ದಿಲ್ಲದೆ ಒಂದು ಖಾಲಿ ಎಣ್ಣೆ ಡಬ್ಬ ಎತ್ತಿಕೊಂಡು ಅವರ ಹಿಂದೆಯೇ ಹೋಗಿ, ಕಲ್ಲಿನಿಂದ ಅದನ್ನು ಢಣಾರನೆ ಬಾರಿಸಿದಳು.

ನಾನು ಬೆಚ್ಚಿಬಿದ್ದೆ. ಕೋಳಿಗಳು ಚೆಲ್ಲಾಪಿಲ್ಲಿಯಾದವು. ಪಕ್ಕದ ಮನೆಯಲ್ಲಿ ಮಲಗಿದ್ದ ಕೂಸು ಅಳತೊಡಗಿತು. ಒಂದು ಮರಿ ಅಲ್ಲೇ ನಿಂತು ಬೊಗಳಿತು, ಎರಡು ಬಾಲ ಮುದುರಿ ಮನೆಯೊಳಗೆ ಓಡಿದವು. ನಾಲ್ಕನೆಯದು, ಬೂದಿ ಬಣ್ಣದ ಸಣಕಲು, ನೆಟ್ಟಗೆ ಭಾವನ ಕಡೆ ಓಡಿಹೋಗಿ ಎರಡು ಕಾಲಿನ ನಡುವೆ ತೂರಿಕೊಂಡಿತು. ಇನ್ನೇನು ತುಳಿಯಬೇಕು, ಭಾವ ನಿಂತರು.

ಆದರೆ ನಾನು ಮರಿಯನ್ನು ನೋಡುತ್ತಿರಲಿಲ್ಲ. ಆ ಸದ್ದಿಗೆ ಇಡೀ ಹಾಡಿ ತಿರುಗಿ ನೋಡಿತ್ತು. ಭಾವನ ಹೆಗಲು ಇಷ್ಟೂ ಅಲುಗಿರಲಿಲ್ಲ. ಕಾಲಿಗೆ ಸಿಕ್ಕ ಮರಿಯನ್ನು ಎತ್ತಿಕೊಂಡು ಭಾವ ತಿರುಗಿದರು. ಸೋಮಿಯ ಕೈಯಲ್ಲಿ ಡಬ್ಬ, ಹಾರಾಡುವ ಕೋಳಿ, ನಮ್ಮೆಲ್ಲರ ಮುಖ, ಎಲ್ಲವನ್ನೂ ನೋಡಿದರು.

"ಏನಾರ ಬಿತ್ತಾ?" ಎಂದರು.

ಅವರಿಗೇ ಅರ್ಥವಾಯಿತು. ಅಲ್ಲೇ ಒಂದು ಕಲ್ಲಿನ ಮೇಲೆ ಕೂತರು. ನಾನು ಹತ್ತಿರ ಹೋಗಿ, ಮುಖಕ್ಕೆ ಮುಖ ಕೊಟ್ಟು, "ಯಾವಾಗಿಂದ ಭಾವ?" ಎಂದೆ.

"ಕೆಲ್ಸ ಬುಟ್ಟ ವರ್ಷದಿಂದ್ಲೂವೆ" ಎಂದರು. "ಎಡಗಡೆದು ಮೊದ್ಲೇ ಓಗಿತ್ತು. ಬಲಗಡೆದು ಆಮೇಲೆ. ಏಳುದ್ರೆ ನಿಮ್ಮಕ್ಕ ಒಲ ಬುಡ್ಸ್ತಾಳೆ ಅಂತ ಏಳ್ನಿಲ್ಲ." ಹೇಳಿ ಮರಿಯ ತಲೆ ಸವರುತ್ತ ಕೂತರು. ಅವರ ಮುಖದಲ್ಲಿ ದುಃಖವಿತ್ತು ನಿಜ, ಭಾರ ಇಳಿಸಿದವರ ನೆಮ್ಮದಿಯೂ ಇತ್ತು.

ಸೋಮಿ ಡಬ್ಬ ಕೆಳಗಿಟ್ಟಳು. "ನಂಗೆ ಗೊತ್ತಿತ್ತು. ಟೀಗೆ ಕರುದ್ರೆ ಯಾವತ್ತೂ ತಿರುಗ್ದೋರಲ್ಲ. ಅಣ್ಣುಂಗೆ ಬೊಗಳೋದು ಬ್ಯಾಡ. ಭಯ ಆದ್ರೆ ಮನುಷ್ಯುನ್ನ ಮುಟ್ಟೋ ಮರಿ ಬೇಕು. ಇದೇ ಅದು" ಎಂದಳು.

"ಹೆಣ್ಣು ಮರಿಯಲ್ವೇನೆ ಇದು?" ಎಂದಳು ಅಕ್ಕ. ನಮ್ಮ ಕಡೆ ಹೆಣ್ಣುಮರಿ ಎಂದರೆ ಮೂಗು ಮುರಿಯುತ್ತಾರೆ, ವರ್ಷಕ್ಕೆರಡು ಸಲ ಮರಿ ಹಾಕುತ್ತದೆ ಎಂದು.

"ಗಂಡು ಊರು ಸುತ್ತಕ್ಕೆ ಓಯ್ತದೆ ಅಕ್ಕ. ಹೆಣ್ಣು ಇಡ್ದ ಕಾಲು ಬುಡಾಕಿಲ್ಲ. ಮರಿ ಬ್ಯಾಡ ಅಂದ್ರೆ ದನದಾಸ್ಪತ್ರೇಲಿ ಆಪ್ರೇಸನ್ ಮಾಡ್ತಾರೆ, ನಂಗಿಂತ ನಿಮ್ಗೇ ಗೊತ್ತು."

ಮರಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ದಸರಾ ಕಳೆದ ಮೇಲೆ ಬಂದು ಒಯ್ಯಿರಿ ಎಂದಳು. ಏನು ಕೊಡಬೇಕು ಎಂದು ಭಾವ ಕೇಳಿದಾಗ ಅವಳು ನನ್ನ ಕಡೆ ತಿರುಗಿದಳು. ಒಳಗೆ ಹೋಗಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ತನ್ನ ಜಮೀನಿನ ಹಕ್ಕುಪತ್ರ ತಂದು ಕೊಟ್ಟಳು. ಮಳೆಗೆ ತುದಿ ಮುದುರಿತ್ತು. "ಇದುನ್ನ ಗಟ್ಟಿ ಮಾಡ್ಕೊಡಿ, ನೀರು ಬಿದ್ರೂ ಕೆಡ್ಬಾರದು" ಎಂದಳು. ಲ್ಯಾಮಿನೇಷನ್ ಮಾಡಿ, ಜೊತೆಗೆ ಹತ್ತು ಜೆರಾಕ್ಸ್ ಪ್ರತಿಯನ್ನೂ ಕೊಟ್ಟೆ. ಮರಿ ಭಾವನದು, ಖರ್ಚು ನನ್ನದು. ಅದೇನೂ ಹೊಸದಲ್ಲ ಬಿಡಿ.

ಮರಿಗೆ ಭಾವ ಇಟ್ಟ ಹೆಸರು ತೂಬಿ. ಸೋಮಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದರು. ಕಟ್ಟಿಹಾಕಲಿಲ್ಲ. ಬೇರೆಯವರ ಕೈಯಲ್ಲಿ ಊಟ ಹಾಕಿಸಲಿಲ್ಲ. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಕಾಲಿನ ಪಕ್ಕದಲ್ಲೇ ನಡೆಸಿದರು. ತೂಬಿ ಕಾಲಿಗೆ ಒತ್ತಿಕೊಂಡಾಗಲೆಲ್ಲ ಭಾವ ನಿಂತು ಸುತ್ತ ನೋಡುತ್ತಿದ್ದರು. ನವಿಲಿರಲಿ, ಹಾವಿರಲಿ, ದಾರಿಹೋಕನಿರಲಿ, ಏನೋ ಒಂದು ಇದ್ದೇ ಇರುತ್ತಿತ್ತು. ನೋಡಿದ ಮೇಲೆ ಅದರ ಗದ್ದ ತುರಿಸಿ ಮುಂದೆ ಹೋಗುತ್ತಿದ್ದರು. ಅದೂ ಕಲಿಯಿತು, ಇವರೂ ಕಲಿತರು. ಹಿಂದೆ ಯಾರಾದರೂ ಬಂದರೆ ಭಾವ ಈಗ ಮುಚ್ಚುಮರೆಯಿಲ್ಲದೆ "ಮುಂದೆ ಬಂದು ಮಾತಾಡಪ್ಪ, ನಂಗೆ ಕಿವಿ ಕೇಳಾಕಿಲ್ಲ" ಎನ್ನುತ್ತಿದ್ದರು. ಅವರೆಕಾಯಿ ಬಂತು, ರಾಗಿ ಕೊಯ್ಲಾಯಿತು. ಆ ಚಳಿಗಾಲದಲ್ಲಿ ಭಾವನಷ್ಟು ಸಂತೋಷವಾಗಿದ್ದ ಮನುಷ್ಯನನ್ನು ನಾನು ಕಾಣೆ. ಅಕ್ಕ ಮಾತ್ರ ದಿನಾ ಮಂಡಿ ಹಿಡಿದುಕೊಂಡು ಜೊತೆಗೆ ಹೋಗುತ್ತಲೇ ಇದ್ದಳು. ಹಾವು ನವಿಲಿನಿಂದ ಏನಾಯಿತು, ಆನೆ ಬಂದಾಗ ನೋಡೋಣ ಎನ್ನುವುದು ಅವಳ ವಾದ.

ಯುಗಾದಿಗೆ ಹದಿನೈದು ದಿನವಿತ್ತು. ಅಕ್ಕ ಪರೀಕ್ಷೆ ಇಟ್ಟಳು. ಅದರ ಪ್ರಕಾರ ನಾನು ಬೆಳಿಗ್ಗೆ ಮುಂಚೆಯೇ ಹೋಗಿ ಹೊಲದ ತುದಿಯ ಲಂಟಾನ ಪೊದೆಯಲ್ಲಿ ಕೂತು, ಅವರು ಹತ್ತಿರ ಬಂದಾಗ ಪೊದೆ ಅಲ್ಲಾಡಿಸಬೇಕು. ಮುಳ್ಳು ಚುಚ್ಚಿಸಿಕೊಂಡು ಕೂತೆ. ಭಾವ ಬಂದರು. ಅಲ್ಲಾಡಿಸಿದೆ. ತೂಬಿ ಒಂದು ಸಲ ಮೂಗೆತ್ತಿ ನೋಡಿ, ಭಾವನನ್ನು ಬಿಟ್ಟು ಓಡಿಬಂದು ನನ್ನ ಮುಖವನ್ನೆಲ್ಲ ನೆಕ್ಕಿತು.

"ನೋಡ್ದಾ? ಅವ್ರುನ್ನ ಬುಟ್ಟು ಬಂತು!" ಎಂದಳು ಅಕ್ಕ. ಮುಖ ಸಪ್ಪಗಾಗಿತ್ತು. ಅವಳಿಗೂ ಅದು ಗೆಲ್ಲಲಿ ಎಂದೇ ಇತ್ತು ಎಂದು ನನಗೆ ಆಗ ತಿಳಿಯಿತು.

ಭಾವ ಪೊದೆಯಿಂದ ಎದ್ದ ನನ್ನನ್ನು ನೋಡಿ ಎಲ್ಲ ಅರ್ಥಮಾಡಿಕೊಂಡರು. "ಶಿವುನ ನೋಡಿ ಎದ್ರುಕೊಳಕ್ಕೆ ಅದುಕ್ಕೇನು ತಲೆ ಕೆಟ್ಟದಾ? ನಮ್ಮನೆ ಉಪ್ಪುಸಾರು ತಿನ್ನೋ ಜನ ಯಾರು ಅಂತ ಅದುಕ್ಕೆ ಗೊತ್ತು" ಎಂದರು. ಆದರೆ ಅವರ ದನಿಯಲ್ಲಿ ಎಂದಿನ ಜೋರು ಇರಲಿಲ್ಲ. ಅವತ್ತು ಯಾರೂ ಕೆಲಸ ಮಾಡಲಿಲ್ಲ. ಸುಮ್ಮನೆ ಮನೆಯ ಕಡೆ ಹೊರಟೆವು. ಭಾವ ಮುಂದೆ, ಕಾಲ ಬಳಿ ತೂಬಿ, ಮಂಡಿನೋವಿನ ಅಕ್ಕ ನಾಲ್ಕು ಹೆಜ್ಜೆ ಹಿಂದೆ, ಕೊನೆಗೆ ನಾನು.

ಕಾಡಿನ ಪಕ್ಕ ದಾರಿ ತಿರುಗುವ ಕಡೆ, ತಿರುವಿಗೆ ಇನ್ನೂ ಒಂದು ಕೂಗಳತೆ ಇದ್ದಾಗ ತೂಬಿ ನಿಂತಿತು. ಒಂದು ಕ್ಷಣ ಅಷ್ಟೆ. ಆಮೇಲೆ ಭಾವನ ಕಾಲಿಗೆ ಅಡ್ಡ ಬಂದು, ಇಡೀ ಮೈಯನ್ನು ಅವರ ಪಾದದ ಮೇಲೆ ಹಾಕಿ ಕೂತುಬಿಟ್ಟಿತು. ಭಾವ ನಿಂತರು. ಹಿಂದೆ ತಿರುಗದೆಯೇ ಕೈ ಎತ್ತಿ ನಮ್ಮನ್ನೂ ನಿಲ್ಲಿಸಿದರು.

"ಏನಂತೆ? ನಡೀರಿ" ಎಂದಳು ಅಕ್ಕ. ನಾನು ಕಿವಿಗೊಟ್ಟೆ. ಮೈನಾ ಹಕ್ಕಿ, ದೂರದಲ್ಲೊಂದು ಪಂಪ್‌ಸೆಟ್ಟು, ಮತ್ತೇನೂ ಇಲ್ಲ. ದಾರಿಯೂ ಖಾಲಿ. ಭಾವ ಜಗ್ಗಲಿಲ್ಲ. ಕಣ್ಣನ್ನು ತಿರುವಿನ ಮೇಲೆ ಇಟ್ಟು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ, ಅಕ್ಕನ ತೋಳು ಹಿಡಿದು ತನ್ನ ಬೆನ್ನ ಹಿಂದೆ ಮಾಡಿಕೊಂಡು, ನಮ್ಮಿಬ್ಬರನ್ನೂ ಹುಣಸೆಮರದ ಮರೆಗೆ ತಂದರು. ತೂಬಿ ಕಾಲು ಬಿಡಲಿಲ್ಲ. ಸದ್ದೂ ಮಾಡಲಿಲ್ಲ.

ಆಗ ಕೊಂಬೆಯೊಂದು ಲಟಕ್ಕೆಂದಿತು. ತಿರುವಿನಲ್ಲಿ ಮೊದಲು ಸೊಂಡಿಲು ಕಾಣಿಸಿತು, ಆಮೇಲೆ ಹೆಣ್ಣಾನೆ, ಅದರ ಹೊಟ್ಟೆಯ ಕೆಳಗೆ ಒಂದು ಮರಿ, ಅದರ ಹಿಂದೆ ಇನ್ನೊಂದು ಆನೆ. ತೂಬಿ ತಡೆಯದಿದ್ದರೆ ನಾವು ಆ ಹೊತ್ತಿಗೆ ಸರಿಯಾಗಿ ಅಲ್ಲಿರುತ್ತಿದ್ದೆವು. ಮರಿಯಾನೆ ದಾರಿಯ ಮಣ್ಣನ್ನು ಒಂದು ಸಲ ಮೈಮೇಲೆ ಎರಚಿಕೊಂಡಿತು. ತಾಯಿ ಅದನ್ನು ಮುಂದಕ್ಕೆ ತಳ್ಳಿತು. ಮೂರೂ ಕೆರೆಯ ಕಡೆಗೆ ಇಳಿದುಹೋದವು. ನಾಲ್ಕು ಒಳ್ಳೆಯ ಕಿವಿ ಇಟ್ಟುಕೊಂಡು ಹಿಂದೆ ಬರುತ್ತಿದ್ದ ನಮಗೆ ಏನೂ ಗೊತ್ತಾಗಿರಲಿಲ್ಲ.

ತೂಬಿ ತಾನಾಗಿ ಎದ್ದು ಬಾಲ ಆಡಿಸಿದ ಮೇಲೆ ಭಾವ ಮತ್ತೆ ಹೆಜ್ಜೆ ಹಾಕಿದರು. ನಾವೂ ಹಿಂದೆ ಹೊರಟೆವು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, ಮುಂದೆ ಹೋಗುತ್ತಿದ್ದ ಭಾವನ ಬೆನ್ನಿಗೆ ಹೇಳಿದಳು: "ನಂಜಣ್ಣುಂಗೆ ನಾನೇ ಏಳ್ತೀನಿ ಬುಡಿ, ಒಲ ನಾವೇ ಮಾಡ್ಕತೀವಿ ಅಂತ."

ಭಾವ ನಡೆಯುತ್ತಲೇ ಇದ್ದರು. ಕೂಗಿ ಹೇಳಲು ನಾನು ಬಾಯಿ ತೆರೆದೆ. ಅಕ್ಕ ಕೈ ಅಡ್ಡ ಮಾಡಿ ಸುಮ್ಮನಿರು ಎಂದಳು. ಮಂಡಿ ಹಿಡಿದುಕೊಂಡೇ ಬೀಸಿ ನಡೆದು ಅವರನ್ನು ದಾಟಿ, ಎದುರಿಗೆ ನಿಂತು, ಎರಡೂ ಭುಜ ಹಿಡಿದುಕೊಂಡಳು. ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಯುಗಾದಿಗೆ ಹೊನ್ನಾರು ನೀವೇ ಕಟ್ಟಿ. ನಾಳಿಂದ ನೀವೊಬ್ರೇ ಓಗಿ. ನಾನು ಬರಾಕಿಲ್ಲ."

ತುಟಿ ನೋಡಿಯೇ ಭಾವನಿಗೆ ಅಷ್ಟೂ ತಿಳಿದಿತ್ತು. ಅವರ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

"ತಿಳೀನಿಲ್ಲ ಕಣೆ, ಇನ್ನೊಂದ್ಸಲ ಏಳು" ಎಂದರು.

ಅಕ್ಕ ಇನ್ನೊಂದು ಸಲ ಹೇಳಿದಳು.